ಸಾಗಿಸುದಕ್ಕೆ ಕಾಸಿಲ್ಲ, ಕಾಯುದಕ್ಕೆ ಉಂಟು: ಬದಿಯಡ್ಕದಲ್ಲಿ ಕೂತು ಕಂಡ ಸಿಡಿಎನ್ ಧಂದೆ

ಮೊದಲು ಒಂದು ಲೆಕ್ಕ ಮಾಡುವ, ಪುರಾಣ ಮತ್ತೆ. ನಮ್ಮ ಕಾಸರಗೋಡಿನ ಬದಿಯಡ್ಕದ ಆಚೆ ಈಚೆ ಎಲ್ಲಿಯಾದ್ರೂ ಒಂದು ಯಕ್ಷಗಾನ ಬಯಲಾಟ, ಅದನ್ನು ರಾತ್ರಿ ಇಡೀ ಲೈವ್ ಬಿಡುದು ಅಂತ ಇಟ್ಕೊಳ್ಳಿ, ಒಟ್ಟು ಎಂಟು ಗಂಟೆ. ಕಾಲಮಿತಿ ಆಟ ಆದ್ರೆ ಅರ್ಧ ಸಾಕು, ಆದ್ರೆ ನನಗೆ ಇಡೀ ರಾತ್ರಿಯದ್ದೇ ಇಷ್ಟ, ಹಾಗಾಗಿ ಲೆಕ್ಕವೂ ಅದರದ್ದೇ. ಚಿತ್ರ ತೀರಾ ಹೈಫೈ ಬೇಡ, ಒಂದೂವರೆ ಎಂಬಿಪಿಎಸ್ ಇದ್ರೆ ಕಿರೀಟದ ಮಿಣಿಮಿಣಿ ಕಾಣ್ತದೆ, ಚೆಂಡೆ ಕೇಳ್ತದೆ. ಒಬ್ಬ ಕೂತು ಪೂರ್ತಿ ನೋಡಿದ್ರೆ ಅವನೊಬ್ಬನಿಗೆ ಹೋಗುದು ಸುಮಾರು 5.4 ಜಿಬಿ. ಮುಂಬೈ, ಬೆಂಗಳೂರು, ಮೈಸೂರು ಅಂತ ಊರು ಬಿಟ್ಟವರು 500 ಜನ ನೋಡಿದ್ರೆ 2.7 ಟಿಬಿ. ಗಲ್ಫಿನವರನ್ನು ಸದ್ಯಕ್ಕೆ ಬಿಡಿ, ಅಲ್ಲಿಗೆ ರೇಟೇ ಬೇರೆ.

ಈಗ ಈ 2.7 ಟಿಬಿಯನ್ನು ಸ್ವಂತ ಸೈಟಿನಲ್ಲಿ, ಸ್ವಂತ ಖರ್ಚಿನಲ್ಲಿ ಕಳಿಸ್ತೇನೆ ಅಂತ ಹೊರಟ್ರೆ ಎಷ್ಟು? ಅಮೆಜಾನಿನ ಸಿಡಿಎನ್ ಸೇವೆ (ಸಿಡಿಎನ್ ಅಂದ್ರೆ ಎಂತ ಅಂತ ಮುಂದೆ ಹೇಳ್ತೇನೆ) ಕ್ಲೌಡ್‌ಫ್ರಂಟಿನಲ್ಲಿ ಬಳಸಿದಷ್ಟಕ್ಕೆ ಕೊಡುವ ಪ್ಲಾನು ಹಿಡಿದ್ರೆ ತಿಂಗಳ ಮೊದಲ 1 ಟಿಬಿ ಫ್ರೀ, ಆಮೇಲೆ ಭಾರತದ ಒಳಗಿನವರಿಗೆ ಕಳಿಸುವ ಜಿಬಿಗೆ 10.9 ಸೆಂಟ್, ಅಂದ್ರೆ ಉಳಿದ 1.7 ಟಿಬಿಗೆ ಹದಿನಾರು ಸಾವಿರ ರೂಪಾಯಿ ಆಸುಪಾಸು. ಸ್ಲೊವೇನಿಯಾದ ಬನ್ನಿ ಅಂತ ಒಂದು ಸಣ್ಣ ಕಂಪೆನಿ ಉಂಟು, ಅವರದ್ದು ಏಷ್ಯಾಕ್ಕೆ ಜಿಬಿಗೆ 3 ಸೆಂಟ್, ಅಲ್ಲಿ ಏಳು ಸಾವಿರ ಚಿಲ್ಲರೆ ಆಗ್ತದೆ. ಯೂಟ್ಯೂಬಿನಲ್ಲಿ ಸೊನ್ನೆ. ಆಟ ಆಡಿಸುವವರು ಮೇಳಕ್ಕೆ ಕೊಡಬೇಕು, ಬಂದವರಿಗೆ ಊಟ ಹಾಕಬೇಕು, ಮೈಕು ಲೈಟು ಜನರೇಟರು ಎಲ್ಲ ಆಗಿ ಕೈ ಖಾಲಿ ಆದ ಮೇಲೆ ಇಂಟರ್ನೆಟ್ಟಿಗೆ ಅಂತ ಹದಿನಾರು ಸಾವಿರ ಯಾರು ಕೊಡ್ತಾರೆ ಮಾರಾಯ್ರೆ, ಎಲ್ಲರೂ ಯೂಟ್ಯೂಬಿಗೇ ಹೋಗುದು, ಹೋಗುದರಲ್ಲಿ ತಪ್ಪೂ ಇಲ್ಲ.

ಇದರಲ್ಲಿ ಒಂದು ತಮಾಷೆ ಗಮನಿಸಿ. ಅದೇ ಕ್ಲೌಡ್‌ಫ್ರಂಟಿನಲ್ಲಿ ಅಮೆರಿಕದ ಒಳಗೆ ಕಳಿಸುದಾದ್ರೆ ಜಿಬಿಗೆ 8.5 ಸೆಂಟ್, ಭಾರತಕ್ಕೆ ಜಾಸ್ತಿ. ಆದ್ರೆ ಮೊಬೈಲ್ ಡೇಟಾ ಅಂತ ಬಂದಾಗ ಲೋಕದಲ್ಲೇ ಅಗ್ಗ ಇರುವ ಕಡೆಗಳಲ್ಲಿ ನಮ್ಮದೂ ಒಂದು, 2014ರಲ್ಲಿ ಜಿಬಿಗೆ ಸರಾಸರಿ 269 ರೂಪಾಯಿ ಇದ್ದದ್ದು 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಮೇಲೆ ಬಿದ್ದು ಬಿದ್ದು ಹತ್ತು ರೂಪಾಯಿಯ ಹತ್ತಿರಕ್ಕೆ ಬಂತು. ಅಂದ್ರೆ ನೋಡುವವನು ಒಂದು ಜಿಬಿಗೆ ಎಷ್ಟು ಕೊಡ್ತಾನೋ ಹೆಚ್ಚುಕಡಿಮೆ ಅಷ್ಟನ್ನೇ ಕಳಿಸುವವನೂ ಪಟ್ಟಿ ಬೆಲೆಯಲ್ಲಿ ಕೊಡಬೇಕು, ಒಂದೇ ಡೇಟಾಕ್ಕೆ ಎರಡೂ ಕಡೆಯಿಂದ ವಸೂಲಿ. ದೊಡ್ಡ ಗಿರಾಕಿಗಳಿಗೆ ಈ ಪಟ್ಟಿ ಬೆಲೆ ಇಲ್ಲ, ಅವರು ಚೌಕಾಸಿ ಮಾಡಿ ಅದರ ಚೂರುಪಾರಿಗೆ ಇಳಿಸ್ತಾರೆ. ಪಟ್ಟಿ ಬೆಲೆ ಇರುದು ನಮ್ಮಂಥವರಿಗೆ.

ನಾನು ಮನೆಯಲ್ಲಿ ಕೂತು ಹೊರಗಿನ ಕಂಪೆನಿಗೆ ಸರ್ವರ್ ಕೆಲಸ ಮಾಡುವವ, ಈ ಸಿಡಿಎನ್ ಬಿಲ್ಲುಗಳು ದಿನಾ ಕಣ್ಣ ಮುಂದೆ ಬರ್ತಾ ಇರ್ತವೆ, ಹಾಗಾಗಿ ಈ ಧಂದೆ ಎತ್ಲಾಗಿ ಹೋಗ್ತಾ ಉಂಟು ಅಂತ ಬರೆಯುವ ಅಂತ ಅನಿಸಿತು. ಸಿಡಿಎನ್ (ಕಂಟೆಂಟ್ ಡೆಲಿವರಿ ನೆಟ್‌ವರ್ಕ್) ಅಂದ್ರೆ ಎಂತ ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಸೈಟು ಇರುದು ಅಮೆರಿಕದ ವರ್ಜೀನಿಯಾದಲ್ಲಿ ಅಂತಾದ್ರೆ ಅದು ನಮ್ಮಿಂದ ಹದಿಮೂರು ಸಾವಿರ ಕಿಲೋಮೀಟರಿಗಿಂತ ಮೇಲೆ, ಫೈಬರಿನ ಒಳಗೆ ಬೆಳಕು ಓಡುದೇ ಸೆಕೆಂಡಿಗೆ ಎರಡು ಲಕ್ಷ ಕಿಲೋಮೀಟರ್, ಹೋಗಿ ಬರುದಕ್ಕೆ ಏನು ಮಾಡಿದ್ರೂ 130 ಮಿಲಿಸೆಕೆಂಡಿನ ಕೆಳಗೆ ಬರುದಿಲ್ಲ, ನಿಜವಾಗಿ 200 ದಾಟ್ತದೆ, ಒಂದು ಪುಟ ತೆರೆಯುದಕ್ಕೆ ಇಂಥ ಹೋಗಿ ಬರುದು ಒಂದೆರಡು ಸಲ ಅಲ್ಲ. ಹಾಗಾಗಿ ಮಾಲನ್ನು ಮೊದಲೇ ತಂದು ಹತ್ತಿರದ ಊರಿನಲ್ಲಿ ಇಟ್ಕೊಳ್ಳುದು. ಪೆರ್ಲದ ಜಿನಸಿ ಅಂಗಡಿಯವ ಮಂಗಳೂರು ಬಂದರಿನಿಂದ ಸಾಮಾನು ತಂದು ಇಡ್ತಾನಲ್ಲ, ಹಾಗೆ. ದಿನಾ ಖರ್ಚಾಗುವ ಅಕ್ಕಿ, ಬೆಲ್ಲ ಅವನಲ್ಲಿ ಯಾವಾಗಲೂ ಇರ್ತದೆ, ವರ್ಷಕ್ಕೊಮ್ಮೆ ಯಾರೋ ಕೇಳುವ ಸಾಮಾನಿಗೆ ಅವನು ಜಾಗ ಇಡುದಿಲ್ಲ, ಬೇಕಾದ್ರೆ ತರಿಸಿ ಕೊಡ್ತೇನೆ ಅಂತಾನೆ. ಈ ಕೊನೆಯ ಸಾಲನ್ನು ನೆನಪಿಟ್ಕೊಳ್ಳಿ, ಆಮೇಲೆ ನಮ್ಮ ಕನ್ನಡದ ವಿಷಯಕ್ಕೆ ಬರುವಾಗ ಬೇಕಾಗ್ತದೆ.

ಇದನ್ನು ಧಂದೆಯಾಗಿ ಮಾಡಿದ್ದು ಅಕಮೈ. ವೆಬ್ ಕಟ್ಟಿದ ಟಿಮ್ ಬರ್ನರ್ಸ್-ಲೀ ಅವರೇ 1995ರ ಹೊತ್ತಿಗೆ ಎಂಐಟಿಯಲ್ಲಿ, ಈ ಜಾಲ ಜನಜಂಗುಳಿಯಲ್ಲಿ ಸಿಕ್ಕಿ ಹಾಕ್ಕೊಳ್ತದೆ, ದಾರಿ ಹುಡುಕಿ ಅಂತ ಹೇಳಿದ್ರು, ಅಲ್ಲಿನ ಗಣಿತದ ಪ್ರೊಫೆಸರ್ ಟಾಮ್ ಲೈಟನ್, ಅವರ ಶಿಷ್ಯ ಡ್ಯಾನಿಯಲ್ ಲೆವಿನ್ ಮತ್ತೆ ಇನ್ನೂ ಕೆಲವರು ಸೇರಿ ಲೆಕ್ಕಾಚಾರ ಬಿಡಿಸಿದ್ರು, 1998ರಲ್ಲಿ ಕಂಪೆನಿ ಆಯ್ತು. ಲೆವಿನ್ 2001ರ ಸೆಪ್ಟೆಂಬರ್ 11ಕ್ಕೆ ಅಪಹರಣ ಆದ ಮೊದಲ ವಿಮಾನದಲ್ಲೇ ಇದ್ದರು, ತೀರಿಹೋದ್ರು, ಅದೇ ದಿನ ಸುದ್ದಿ ಸೈಟುಗಳಿಗೆ ಮುಗಿಬಿದ್ದ ಜನರನ್ನು ತಡೆದುಕೊಂಡದ್ದು ಅವರು ಕಟ್ಟಿದ ಜಾಲ. ಯೋಚಿಸಿದ್ರೆ ಹೊಟ್ಟೆ ಚುರುಕ್ ಅಂತದೆ.

ಸರಿ, ಈಗಿನ ಕಥೆ. ನನ್ನ ಅಭಿಪ್ರಾಯ ಇಷ್ಟೇ: ಈ ಧಂದೆಯಲ್ಲಿ ಮಾಲು ಸಾಗಿಸುದರಲ್ಲಿ ಇನ್ನು ದುಡ್ಡಿಲ್ಲ. ದುಡ್ಡು ಇರುದು ಬಾಗಿಲು ಕಾಯುದರಲ್ಲಿ, ಯಾರು ಒಳಗೆ ಬರಬಹುದು ಯಾರು ಬರಬಾರದು ಅಂತ ಹೇಳುದರಲ್ಲಿ. ಅಕಮೈಯ ಲೆಕ್ಕಪುಸ್ತಕವನ್ನೇ ತೆಗೆದು ನೋಡಿ, 2024ರಲ್ಲಿ ಒಟ್ಟು ವರಮಾನ 4 ಬಿಲಿಯನ್ ಡಾಲರಿನ ಹತ್ತಿರ, ಅದರಲ್ಲಿ ಸೆಕ್ಯೂರಿಟಿಯೊಂದೇ 2 ಬಿಲಿಯನ್ ದಾಟಿತು, ಕಂಪೆನಿ ಹುಟ್ಟಿದ್ದೇ ಯಾವುದಕ್ಕೋ ಆ ಡೆಲಿವರಿ 1.3 ಬಿಲಿಯನ್ ಆಸುಪಾಸಿಗೆ ಇಳಿದಿತ್ತು, ಇನ್ನೂ ಇಳೀತಾ ಉಂಟು. ಅವರಿಗೂ ಇದು ಮೊದಲೇ ಗೊತ್ತಿತ್ತು ಅಂತ ಕಾಣ್ತದೆ, 2022ರಲ್ಲಿ ಲಿನೋಡ್ ಅಂತ ಕ್ಲೌಡ್ ಕಂಪೆನಿಯನ್ನು 900 ಮಿಲಿಯನ್ ಡಾಲರ್ ಕೊಟ್ಟು ತಕ್ಕೊಂಡ್ರು.

ಬರೀ ಸಾಗಣೆಯನ್ನೇ ನಂಬಿದವರು ಎಂತ ಆದ್ರು? ಲೈಮ್‌ಲೈಟ್ ಅಂತ 2001ರಲ್ಲಿ ಹುಟ್ಟಿದ ಕಂಪೆನಿ, ವೀಡಿಯೋ ಕಳಿಸುದರಲ್ಲಿ ಹೆಸರು ಮಾಡಿದ್ದು, 2022ರಲ್ಲಿ ಯಾಹೂನಿಂದ ಎಡ್ಜ್‌ಕಾಸ್ಟ್ ಅಂತ ಇನ್ನೊಂದು ಸಿಡಿಎನ್ನನ್ನು ಸೇರಿಸ್ಕೊಂಡು ಎಡ್ಜಿಯೊ ಅಂತ ಹೊಸ ಹೆಸರು ಇಟ್ಕೊಂಡು ದೊಡ್ಡ ಮಾತಾಡಿತು, 2024ರ ಸೆಪ್ಟೆಂಬರಿನಲ್ಲಿ ದಿವಾಳಿ ಅರ್ಜಿ ಹಾಕಿತು, 2025ರ ಜನವರಿ 15ಕ್ಕೆ ಜಾಲವೇ ಬಂದ್. ಅವರ ಗಿರಾಕಿ ಒಪ್ಪಂದಗಳನ್ನು 125 ಮಿಲಿಯನ್ ಡಾಲರಿಗೆ ಅಕಮೈ ಎತ್ಕೊಂಡಿತು. ಮೈಕ್ರೋಸಾಫ್ಟಿನ ಅಝೂರ್ ಕ್ಲೌಡ್ ಮೂಲಕ ಇದನ್ನು ಬಳಸ್ತಾ ಇದ್ದವರು ತಾವು ಎಡ್ಜಿಯೊ ಗಿರಾಕಿ ಅಂತಲೇ ಗೊತ್ತಿಲ್ಲದೆ ಇದ್ದವರು ಎಷ್ಟೋ, ಅವರೆಲ್ಲ ಗಡಿಬಿಡಿಯಲ್ಲಿ ಗಂಟುಮೂಟೆ ಕಟ್ಟಬೇಕಾಯ್ತು. ಬ್ಲಾಗು ಬರೆಯುವವರ ಕಾಲದ ಮ್ಯಾಕ್ಸ್‌ಸಿಡಿಎನ್ ನೆನಪಿದ್ರೆ, ಅದನ್ನು ನುಂಗಿದ ಸ್ಟ್ಯಾಕ್‌ಪಾತ್ 2024ರಲ್ಲಿ ಮುಚ್ಚಿತು. ಲುಮೆನ್ ಅಂತ ಅಮೆರಿಕದ ದೊಡ್ಡ ಫೈಬರ್ ಕಂಪೆನಿ, ಅವರೂ ಸಿಡಿಎನ್ ಬೇಡ ಅಂತ ಕೈತೊಳ್ಕೊಂಡ್ರು.

ಕಾರಣ ಹುಡುಕುದಕ್ಕೆ ಬಹಳ ದೂರ ಹೋಗಬೇಕಾಗಿಲ್ಲ, ಅತಿ ಹೆಚ್ಚು ಮಾಲು ಇರುವವರು ತಮ್ಮ ಲಾರಿ ತಾವೇ ಇಟ್ಕೊಂಡ್ರು. ನೆಟ್‌ಫ್ಲಿಕ್ಸ್ 2012ರಲ್ಲಿ ಓಪನ್ ಕನೆಕ್ಟ್ ಅಂತ ಹೊರಗೆ ಹೇಳಿತು, ಇಂಟರ್ನೆಟ್ ಕೊಡುವ ಕಂಪೆನಿಗಳಿಗೆ ಫ್ರೀಯಾಗಿ ಪೆಟ್ಟಿಗೆ ಕೊಡ್ತದೆ, ನಿಮ್ಮ ರೂಮಿನಲ್ಲಿ ಇಡಿ, ಕರೆಂಟ್ ಕೊಡಿ, ಸಿನಿಮಾ ರಾತ್ರಿ ಜನ ಮಲಗಿದ ಹೊತ್ತಿಗೆ ನಾವೇ ತುಂಬಿಸ್ತೇವೆ ಅಂತ. ಗೂಗಲಿನದ್ದು ಹಾಗೆಯೇ ಗೂಗಲ್ ಗ್ಲೋಬಲ್ ಕ್ಯಾಶ್ (ಕ್ಯಾಶ್ ಅಂದ್ರೆ ಇಲ್ಲಿ ದುಡ್ಡಲ್ಲ, ಹೀಗೆ ಹತ್ತಿರ ತಂದಿಟ್ಟ ಮಾಲಿನ ಕಪಾಟು), ಯೂಟ್ಯೂಬ್ ಅದರಿಂದಲೇ ಬರುದು. ಮೆಟಾದ್ದೂ ಉಂಟು. ಇಂಟರ್ನೆಟ್ಟಿನ ಅರ್ಧಕ್ಕರ್ಧ ಟ್ರಾಫಿಕ್ಕು ಹೀಗೆ ನಾಲ್ಕೈದು ಮನೆಯವರದ್ದೇ ಆದಾಗ ಮಧ್ಯದ ಸಾಗಣೆಗಾರನಿಗೆ ಉಳಿಯುದು ಎಂತ.

ನಮ್ಮ ದೇಶದಲ್ಲಿ ಕ್ರಿಕೆಟ್ಟೊಂದು ಉಂಟು, ಅದು ಲೋಕಕ್ಕೇ ವಿಚಿತ್ರ. 2019ರ ವಿಶ್ವಕಪ್ ಸೆಮಿಫೈನಲ್ ಭಾರತ ನ್ಯೂಜಿಲೆಂಡ್ ಆಟಕ್ಕೆ ಹಾಟ್‌ಸ್ಟಾರಿನಲ್ಲಿ ಒಂದೇ ಹೊತ್ತಿಗೆ 2.53 ಕೋಟಿ ಜನ, ಧೋನಿ ರನ್‌ಔಟ್ ಆದ ಆ ಆಟ, ಮತ್ತೆ 2023ರ ನವೆಂಬರ್ 19ರ ಫೈನಲಿಗೆ 5.9 ಕೋಟಿ. ಒಬ್ಬೊಬ್ಬನಿಗೆ ಬರೇ ಒಂದು ಎಂಬಿಪಿಎಸ್ ಅಂತ ಹಿಡಿದ್ರೂ 59 ಟೆರಾಬಿಟ್, ಸೆಕೆಂಡಿಗೆ. ಇಷ್ಟನ್ನು ಒಬ್ಬ ಸಿಡಿಎನ್‌ನವನ ತಲೆ ಮೇಲೆ ಹೊರಿಸುದಕ್ಕೆ ಯಾರಿಗೂ ಧೈರ್ಯ ಬರುದಿಲ್ಲ, ಹಲವರಿಗೆ ಹಂಚಬೇಕು. ಆದ್ರೆ ಈಗ 2024ರ ನವೆಂಬರಿನಲ್ಲಿ ರಿಲಯನ್ಸು ಡಿಸ್ನಿ ಒಟ್ಟಾಗಿ, 2025ರ ಫೆಬ್ರವರಿಯಲ್ಲಿ ಜಿಯೋಹಾಟ್‌ಸ್ಟಾರ್ ಆದ ಮೇಲೆ ಆಟ ತೋರಿಸುವವರು ಮತ್ತೆ ಕೋಟಿಗಟ್ಟಲೆ ಜನರಿಗೆ ಇಂಟರ್ನೆಟ್ ಕೊಡುವವರು ಒಂದೇ ಮನೆಯವರು. ಹೊರಗಿನ ಸಿಡಿಎನ್ ಮಾರುವವನಿಗೆ ಇದು ಒಳ್ಳೆ ಸುದ್ದಿಯಾ? ನನಗಂತೂ ಹಾಗೆ ಕಾಣುದಿಲ್ಲ.

ಇನ್ನು ನಮ್ಮ ಗಡಿಯ ವಿಷಯ, ನಾನು ನಿಜವಾಗಿ ಬರೀಬೇಕು ಅಂತ ಇದ್ದದ್ದು ಇದನ್ನೇ. 1956ರ ನವೆಂಬರ್ 1ಕ್ಕೆ ನಕ್ಷೆಯಲ್ಲಿ ಗೆರೆ ಎಳೆದ್ರು, ಕಾಸರಗೋಡು ಕೇರಳಕ್ಕೆ ಹೋಯ್ತು, ಅದರ ಜಗಳ ಇಲ್ಲಿ ಬೇಡ. ಆದ್ರೆ ಅದೇ ಗೆರೆಯನ್ನು ಟೆಲಿಕಾಂನವರೂ ಸರ್ಕಲ್ ಅಂತ ಉಳಿಸ್ಕೊಂಡ್ರು. ತಲಪಾಡಿ ದಾಟುವಾಗ ಫೋನು ಈಚೆ ಟವರಿಂದ ಆಚೆ ಟವರಿಗೆ ಹಾರುದು ನಮಗೆಲ್ಲ ಅಭ್ಯಾಸ ಆಗಿದೆ. ಟವರು ಉಪ್ಪಳದಲ್ಲಿದ್ರೂ ಡೇಟಾ ಅಲ್ಲಿಂದಲೇ ಇಂಟರ್ನೆಟ್ಟಿಗೆ ಇಳಿಯುದಿಲ್ಲ, ಕಂಪೆನಿಯ ಯಾವುದೋ ದೊಡ್ಡ ಊರಿನ ಗೇಟ್‌ವೇವರೆಗೆ ಹೋಗಿ ಅಲ್ಲಿಂದ ಹೊರಗೆ ಬೀಳ್ತದೆ, ಹಾಗಾಗಿ ಜಾಲದ ಕಣ್ಣಿಗೆ ನಾವು ಇರುದು ಮಂಗಳೂರಿನ ಮಗ್ಗುಲಲ್ಲಿ ಅಲ್ಲ, ಕೊಚ್ಚಿಯ ಹತ್ತಿರವೋ ಚೆನ್ನೈಯ ಹತ್ತಿರವೋ. ಜಾಹೀರಾತು ಮಲಯಾಳದಲ್ಲಿ ಬರುದು ಇದೇ ಕಾರಣಕ್ಕೆ, ಅದು ಹೋಗಲಿ, ನಮಗೆ ಮಲಯಾಳ ಓದ್ಲಿಕ್ಕೂ ಬರ್ತದೆ.

ನನ್ನ ತಲೆಬಿಸಿ ಕ್ಯಾಶಿನದ್ದು. ಆ ಅಂಗಡಿಯವನು ಎಂತ ಹೇಳಿದ, ಯಾರೂ ಕೇಳದ ಸಾಮಾನು ಇಡುದಿಲ್ಲ ಅಂತ. ಕ್ಯಾಶ್ ಸರ್ವರಿನ ಡಿಸ್ಕ್ ತುಂಬಿದ ಕೂಡ್ಲೇ ಅದು ಬಹಳ ಹೊತ್ತಿನಿಂದ ಯಾರೂ ಕೇಳದೆ ಇದ್ದದ್ದನ್ನು ಹೊರಗೆ ಹಾಕ್ತದೆ, ಅದಕ್ಕೆ ಭಾಷೆ ಗೊತ್ತಿಲ್ಲ, ಬರೇ ಎಣಿಕೆ ಗೊತ್ತು. ಕೇರಳದ ಕ್ಯಾಶಿನಲ್ಲಿ ಹೊಸ ಮಲಯಾಳ ಸಿನಿಮಾ ಯಾವಾಗಲೂ ಬಿಸಿಬಿಸಿ ಇರ್ತದೆ, ಲಕ್ಷ ಜನ ಕೇಳ್ತಾರೆ. ಒಂದು ತೆಂಕುತಿಟ್ಟಿನ ಆಟದ ಹಳೆ ರೆಕಾರ್ಡಿಂಗ್, ಒಂದು ಕನ್ನಡ ಸೀರಿಯಲಿನ ಕಳೆದ ವಾರದ ಕಂತು, ಅದನ್ನು ಆ ಕ್ಯಾಶಿನಿಂದ ಕೇಳುದು ಮಂಜೇಶ್ವರ ಕುಂಬಳೆ ಬದಿಯಡ್ಕ ಮುಳ್ಳೇರಿಯದ ನಾವು ಒಂದಷ್ಟು ಮನೆಯವರು, ನಮ್ಮ ಎಣಿಕೆ ಅಲ್ಲಿ ಎಲ್ಲಿ ಸಾಕಾಗ್ತದೆ. ಹಾಗಾಗಿ ಅದು ಅಲ್ಲಿ ಇಲ್ಲ, ಮೇಲಿನ ಊರಿನಿಂದ ತರಿಸಬೇಕು, ನಾವು ಮೊಬೈಲ್ ಹಿಡಿದು ಚಕ್ರ ತಿರುಗುದು ನೋಡ್ತಾ ಕೂರುದು. ಅದೇ ಕಂತು ಐವತ್ತು ಕಿಲೋಮೀಟರ್ ಆಚೆ ಮಂಗಳೂರಿನಲ್ಲಿ ಕರ್ನಾಟಕದ ಕ್ಯಾಶಿನಿಂದ ತಟಕ್ಕನೆ ಬರ್ತದೆ, ಅಲ್ಲಿ ಕೇಳುವವರು ಜಾಸ್ತಿ. ಯಾರೂ ನಮ್ಮ ಮೇಲೆ ಹಗೆ ಸಾಧಿಸ್ತಾ ಇಲ್ಲ, ಅಲ್ಗಾರಿದಮ್ಮಿನ ಸ್ವಭಾವವೇ ಅದು. ಸೊಲ್ಲಾಪುರ, ಅಕ್ಕಲಕೋಟೆಯ ಕನ್ನಡದವರಿಗೆ ಮರಾಠಿ ಎದುರಿಗೆ, ಹೊಸೂರು ತಾಳವಾಡಿಯವರಿಗೆ ತಮಿಳಿನ ಎದುರಿಗೆ ಇದೇ ಕಥೆ ಇರಬೇಕು. ಅಲ್ಲಿಯವರು ಯಾರಾದ್ರೂ ಓದ್ತಾ ಇದ್ರೆ ನಿಮ್ಮ ಕಡೆ ಹೇಗೆ ಅಂತ ತಿಳಿಸಿ.

ಹತ್ತಿರದಲ್ಲಿ ಸರ್ವರು ಇದ್ದ ಮಾತ್ರಕ್ಕೆ ಸಿಗ್ತದೆ ಅಂತಲೂ ಇಲ್ಲ. ಕ್ಲೌಡ್‌ಫ್ಲೇರ್ ಅಂತ ಒಂದು ದೊಡ್ಡ ಸಿಡಿಎನ್ ಕಂಪೆನಿ, ಅವರ ಸರ್ವರು ಇರುವ ಊರುಗಳ ಪಟ್ಟಿಯಲ್ಲಿ ಕಣ್ಣೂರು ಉಂಟು ಅಂತ ನೋಡಿ ನನಗೆ ಮೊದಲು ಬಹಳ ಖುಷಿ ಆಗಿತ್ತು, ನಮಗೆ ಕಣ್ಣೂರು ಅಂದ್ರೆ ಬೆಳಗ್ಗೆ ಹೋಗಿ ಮಧ್ಯಾಹ್ನ ಊಟಕ್ಕೆ ಬರುವ ಊರು. ಕ್ಲೌಡ್‌ಫ್ಲೇರ್ ಹಿಂದೆ ಇರುವ ಯಾವುದೇ ಸೈಟಿನಲ್ಲಿ ಒಂದು ಟ್ರೇಸ್ ಪುಟ ಇರ್ತದೆ, ಅದರಲ್ಲಿ ಕೋಲೋ ಅಂತ ಒಂದು ಸಾಲು, ಎದುರಿಗೆ ವಿಮಾನ ನಿಲ್ದಾಣದ ಮೂರಕ್ಷರದ ಕೋಡ್, ನಿಮಗೆ ಯಾವ ಊರಿನಿಂದ ಬಡಿಸಿದ್ರು ಅಂತ ಅದರಲ್ಲಿ ಗೊತ್ತಾಗ್ತದೆ. ಕಣ್ಣೂರಿನ ಕೋಡು ಸಿಎನ್‌ಎನ್, ಅಮೆರಿಕದ ಟಿವಿಯವರು ನಮ್ಮ ಮೇಲೆ ಕಣ್ಣಿಟ್ಟ ಹಾಗೆ ಕಾಣ್ತದೆ. ನನ್ನ ಮನೆ ಕನೆಕ್ಷನ್ನಿನಲ್ಲಿ ಹೆಚ್ಚಾಗಿ ಬರುದು ಚೆನ್ನೈ ಅಥವಾ ಮುಂಬೈ. ಸರ್ವರು ಕಣ್ಣೂರಿನಲ್ಲಿ ಇದ್ರೂ ನನ್ನ ಇಂಟರ್ನೆಟ್ ಕಂಪೆನಿ ಮತ್ತೆ ಅವರು ಅಲ್ಲಿ ಕೈ ಕುಲುಕಿರಬೇಕಲ್ಲ, ಅದು ಆಗದೆ ಇದ್ರೆ ಡೇಟಾ ಚೆನ್ನೈಗೆ ಹೋಗಿ ತಿರುಗಿ ಬರುದೇ. ಸಿಡಿಎನ್ ಮಾರುವವರು ಲೋಕದ ನಕ್ಷೆ ಹಾಕಿ ಚುಕ್ಕೆ ಚುಕ್ಕೆ ತೋರಿಸ್ತಾರಲ್ಲ, ಆ ಚುಕ್ಕೆ ನೋಡಿ ಯಾರೂ ಮರುಳಾಗಬೇಡಿ, ಚುಕ್ಕೆಯ ಮತ್ತು ನಿಮ್ಮ ಇಂಟರ್ನೆಟ್ ಕಂಪೆನಿಯ ನಡುವಿನ ಪಿಯರಿಂಗ್, ಅಂದ್ರೆ ಈ ಕೈ ಕುಲುಕುದು, ಹೇಗುಂಟು ಅಂತ ಕೇಳಿ.

ಅಪಾಯಗಳ ಬಗ್ಗೆ. ಎಲ್ಲರೂ ಹೇಳುದು ಒಂದೇ ಬುಟ್ಟಿಯಲ್ಲಿ ಎಲ್ಲ ಇಟ್ಟ ಕಥೆ, ಅದು ಸುಳ್ಳೂ ಅಲ್ಲ. 2021ರ ಜೂನ್ 8ಕ್ಕೆ ಫಾಸ್ಟ್ಲಿ ಅಂತ ಸಿಡಿಎನ್ ಕಂಪೆನಿಯಲ್ಲಿ ಒಬ್ಬ ಗಿರಾಕಿ ತನ್ನ ಸೆಟ್ಟಿಂಗ್ ಏನೋ ಬದಲಾಯಿಸಿದ, ಅದರಲ್ಲಿ ಅವನ ತಪ್ಪೇನೂ ಇಲ್ಲ, ಮೊದಲೇ ಅಡಗಿ ಕೂತಿದ್ದ ಒಂದು ಬಗ್ ಎಚ್ಚರ ಆಯ್ತು, ಅವರ ಜಾಲದ ನೂರಕ್ಕೆ 85 ಭಾಗ ಎರರ್ ಕೊಡ್ಲಿಕ್ಕೆ ಶುರು ಮಾಡಿತು. 2025ರ ನವೆಂಬರ್ 18ಕ್ಕೆ ಕ್ಲೌಡ್‌ಫ್ಲೇರಿನದ್ದು, ನಮ್ಮ ಗಂಟೆಯಲ್ಲಿ ಸಂಜೆ ಐದಕ್ಕೆ ಹತ್ತು ನಿಮಿಷ ಇರುವಾಗ ಶುರುವಾಗಿ ಎಂಟು ಗಂಟೆವರೆಗೆ ಎಕ್ಸ್ ಇಲ್ಲ, ಚಾಟ್‌ಜಿಪಿಟಿ ಇಲ್ಲ, ಯಾವ ಸೈಟು ಬಿದ್ದಿದೆ ಅಂತ ಹೇಳುವ ಡೌನ್‌ಡಿಟೆಕ್ಟರೂ ಇಲ್ಲ. ಕಾರಣ ಕೇಳಿದ್ರೆ ನಗು ಬರ್ತದೆ, ಡೇಟಾಬೇಸಿನ ಒಂದು ಪರ್ಮಿಶನ್ ಬದಲಾಯಿಸಿದ್ದಕ್ಕೆ ಬಾಟ್ (ಮನುಷ್ಯರ ಬದಲು ಸೈಟಿಗೆ ಬರುವ ಪ್ರೋಗ್ರಾಮು) ಹಿಡಿಯುವ ವ್ಯವಸ್ಥೆಯ ಫೈಲು ಎರಡು ಪಾಲು ದೊಡ್ಡದಾಯ್ತು, ಇಷ್ಟು ದೊಡ್ಡ ಫೈಲು ಬರ್ತದೆ ಅಂತ ಸಾಫ್ಟ್‌ವೇರ್ ಅಂದಾಜು ಮಾಡಿರ್ಲಿಲ್ಲ, ಕುಸಿಯಿತು, ಅವರಿಗೇ ಮೊದಲು ಯಾರೋ ದಾಳಿ ಮಾಡಿದ್ರು ಅಂತ ಡೌಟು ಬಂದಿತ್ತು. ಗಮನಿಸಿ, ಕೆಟ್ಟದ್ದು ಸಾಗಿಸುವ ಭಾಗ ಅಲ್ಲ, ಕಾಯುವ ಭಾಗ. ಯಾವುದರಲ್ಲಿ ದುಡ್ಡು ಉಂಟೋ ಅದೇ ಈಗ ಬೀಳಿಸುದೂ.

ಸುಳ್ಳು ಟ್ರಾಫಿಕ್ಕು ಸುರಿದು ಸೈಟು ಬೀಳಿಸುವ ದಾಳಿಗಳದ್ದು ಇನ್ನೊಂದು ಲೆಕ್ಕ. 2018ರಲ್ಲಿ ಕೋಡು ಇಡುವ ಸೈಟು ಗಿಟ್‌ಹಬ್ ಮೇಲೆ ಸೆಕೆಂಡಿಗೆ 1.35 ಟೆರಾಬಿಟ್ ಬಂದಾಗ ಲೋಕವೇ ಬಾಯಿ ಬಿಟ್ಟಿತ್ತು. 2025ರಲ್ಲಿ ಕ್ಲೌಡ್‌ಫ್ಲೇರ್ 29.7 ಟೆರಾಬಿಟ್ಟಿನದ್ದನ್ನು ತಡೆದೆ ಅಂತ ಹೇಳಿತು, ಐಸುರು ಅಂತ ಒಂದು ಬಾಟ್‌ನೆಟ್ಟಿನದ್ದು, ಅಂದ್ರೆ ಕಳ್ಳರ ಕೈಗೆ ಸಿಕ್ಕಿದ ಯಂತ್ರಗಳ ಗುಂಪಿನದ್ದು. ಮೇಲಿನ ಕ್ರಿಕೆಟ್ ಫೈನಲಿನ ನನ್ನ ಲೆಕ್ಕದ ಅರ್ಧ ಆಯ್ತು ಇದು, ನೋಡುವವರು ಯಾರೂ ಇಲ್ಲದೆಯೇ. ಇದಕ್ಕೆ ಸೇನೆ ಎಲ್ಲಿಂದ ಅಂದ್ರೆ ಮನೆಮನೆಯ ರೂಟರು, ಕ್ಯಾಮೆರಾಗಳು. ಈಗ ನಮ್ಮ ಕಡೆ ಅಡಿಕೆಗೆ ರೇಟು ಬಂದದ್ದೇ ಬಂದದ್ದು, ಅಂಗಳದಲ್ಲಿ ಒಣಗಲಿಕ್ಕೆ ಹಾಕಿದ್ದನ್ನು ಯಾರಾದ್ರೂ ಹೊತ್ಕೊಂಡು ಹೋಗ್ತಾರೆ ಅಂತ ಎಲ್ಲರ ಮನೆಯಲ್ಲೂ ಸಿಸಿಟಿವಿ, ಹಾಕಿಸಿದವ ಪಾಸ್‌ವರ್ಡ್ ಅಡ್ಮಿನ್ ಅಂತಲೇ ಬಿಟ್ಟು ಹೋಗಿರ್ತಾನೆ. ಅಡಿಕೆ ಕಾಯುವ ಕ್ಯಾಮೆರಾ ರಾತ್ರಿ ಬೇರೆ ದೇಶದ ಯಾವುದೋ ಸರ್ವರಿಗೆ ಕಲ್ಲು ಹೊಡೀತಾ ಇರಬಹುದು, ಹೋಗಿ ಪಾಸ್‌ವರ್ಡ್ ಬದಲಾಯಿಸಿ ಬನ್ನಿ, ಇದು ಮತ್ತೆ ಓದಿದ್ರಾಯ್ತು.

ನಂಬಿ ಇಟ್ಟ ಬಾಗಿಲಿನಿಂದಲೇ ಕಳ್ಳ ಬರುದೂ ಉಂಟು. ಪಾಲಿಫಿಲ್ ಅಂತ ಒಂದು ಸ್ಕ್ರಿಪ್ಟು, ಹಳೆ ಬ್ರೌಸರುಗಳಿಗೆ ಸಹಾಯ ಮಾಡುದು, ಲಕ್ಷಕ್ಕೂ ಹೆಚ್ಚು ಸೈಟುಗಳು ಅದರ ಡೊಮೇನಿನಿಂದ ನೇರ ಎಳ್ಕೊಳ್ತಾ ಇದ್ದವು. 2024ರ ಫೆಬ್ರವರಿಯಲ್ಲಿ ಫನಲ್ ಅಂತ ಚೀನಾದ ಕಂಪೆನಿ ಆ ಡೊಮೇನನ್ನೇ ಕೊಂಡ್ಕೊಂಡಿತು, ಜೂನಿನಲ್ಲಿ ನೋಡಿದ್ರೆ ಅದರಿಂದ ಬರ್ತಾ ಇದ್ದದ್ದು ಮೊಬೈಲಿನವರನ್ನು ಬೇಡದ ಸೈಟುಗಳಿಗೆ ಎಳೆಯುವ ಕೋಡು. ಫ್ರೀಯಾಗಿ ಸಿಗ್ತದೆ ಅಂತ ಬೇರೆಯವರ ಸಿಡಿಎನ್‌ನಿಂದ ಸ್ಕ್ರಿಪ್ಟು ಎಳೆಯುವ ಅಭ್ಯಾಸ ಅಂದಿನಿಂದ ನಾನು ಯಾರಿಗೂ ಹೇಳಿಕೊಡುದಿಲ್ಲ. ಸ್ಪೇನಿನಲ್ಲಿ ಮತ್ತೊಂದು ನಮೂನೆ, 2025ರ ಫೆಬ್ರವರಿಯಿಂದ ಫುಟ್‌ಬಾಲ್ ಲೀಗಿನವರು ಕೋರ್ಟಿನ ಆರ್ಡರು ಹಿಡ್ಕೊಂಡು, ಕಳ್ಳ ಪ್ರಸಾರ ತಡೆಯುದಕ್ಕೆ ಅಂತ ಆಟ ಇರುವ ದಿನ ಕ್ಲೌಡ್‌ಫ್ಲೇರಿನ ಐಪಿ ವಿಳಾಸಗಳನ್ನೇ ಬ್ಲಾಕ್ ಮಾಡಿಸ್ತಾರೆ, ಒಂದೇ ಐಪಿಯ ಹಿಂದೆ ಸಾವಿರಾರು ಪಾಪದ ಸೈಟುಗಳು ಇರ್ತವಲ್ಲ, ಅವೂ ಬಂದ್. ನಮ್ಮ ದೇಶದಲ್ಲೂ ಇಂಥದ್ದು ಶುರುವಾದ್ರೆ ಐಪಿಎಲ್ ಎರಡು ತಿಂಗಳು ನಡೀತದೆ ಅಂತ ಮಾತ್ರ ಹೇಳ್ತೇನೆ.

ಎಐ ಬಾಟುಗಳ ಕಾಟ ಮೇಲಿನ ಕ್ಯಾಶಿನ ಕಥೆಗೆ ಸೀದಾ ಬಂದು ಸೇರ್ತದೆ. ಮನುಷ್ಯರು ಎಲ್ಲರೂ ಒಂದೇ ಬಿಸಿ ಪುಟವನ್ನು ಕೇಳ್ತಾರೆ, ಕ್ಯಾಶ್ ಇರುದೇ ಅದಕ್ಕೆ. ಬಾಟ್ ಹಾಗಲ್ಲ, ಅದು ಹತ್ತು ವರ್ಷ ಹಿಂದಿನ, ಯಾರೂ ತಿರುಗಿ ನೋಡದ ಪುಟವನ್ನೂ ಒಂದೊಂದಾಗಿ ಕೇಳ್ತಾ ಹೋಗ್ತದೆ, ಅದೊಂದೂ ಕ್ಯಾಶಿನಲ್ಲಿ ಇರುದಿಲ್ಲ, ಎಲ್ಲ ಮೂಲ ಸರ್ವರಿನ ತಲೆಗೇ ಬಂತು. ವಿಕಿಮೀಡಿಯದವರು 2025ರ ಏಪ್ರಿಲಿನಲ್ಲಿ ಇದನ್ನೇ ಹೇಳಿದ್ರು, 2024ರ ಜನವರಿಯಿಂದ ಚಿತ್ರ ವೀಡಿಯೋಗಳ ಬ್ಯಾಂಡ್‌ವಿಡ್ತು ನೂರಕ್ಕೆ 50 ಏರಿದೆ, ಪುಟ ನೋಡುದರಲ್ಲಿ ಬಾಟುಗಳ ಪಾಲು 35 ಆದ್ರೂ ದುಬಾರಿ ಟ್ರಾಫಿಕ್ಕಿನಲ್ಲಿ ಅವುಗಳದ್ದು 65 ಅಂತ. ಕನ್ನಡದ ಸಣ್ಣ ಸಾಹಿತ್ಯದ ಸೈಟು, ಊರ ಸುದ್ದಿಯ ಸೈಟು ನಡೆಸುವವರಿಗೆ ಇದು ಯಾರು ಬಂದ್ರು ಅಂತ ಬರೆದಿಡುವ ಸರ್ವರ್ ಲಾಗ್‌ನಲ್ಲಿ ಕಣ್ಣಿಗೆ ಹೊಡೀತದೆ. ಇಲ್ಲಿಯೂ ಕಾವಲುಗಾರನಿಗೇ ಲಾಭ, 2025ರ ಜುಲೈ 1ರಿಂದ ಕ್ಲೌಡ್‌ಫ್ಲೇರ್ ಹೊಸ ಸೈಟುಗಳಿಗೆ ಎಐ ಬಾಟುಗಳನ್ನು ತಾನಾಗಿಯೇ ತಡೀತೇನೆ ಅಂತ ಹೇಳಿ, ಒಳಗೆ ಬರಬೇಕಾದ್ರೆ ದುಡ್ಡು ಕೊಡಿ ಅಂತ ಒಂದು ಟಿಕೆಟ್ ವ್ಯವಸ್ಥೆಯನ್ನೂ ಶುರು ಮಾಡಿತು. ಟಿಕೆಟಿನ ದುಡ್ಡು ಸೈಟಿನವರಿಗೆ ಎಷ್ಟು ಬರ್ತದೋ, ಟಿಕೆಟ್ ಹರಿಯುವ ಅಧಿಕಾರ ಮಾತ್ರ ಕ್ಲೌಡ್‌ಫ್ಲೇರಿನ ಕೈಯಲ್ಲೇ.

ಸರಕಾರದ ಕಡೆ ನೋಡಿದ್ರೆ ಟೆಲಿಕಾಂ ನಿಯಂತ್ರಕ ಟ್ರಾಯ್ 2022ರ ನವೆಂಬರಿನಲ್ಲಿ ಡೇಟಾ ಸೆಂಟರ್, ಸಿಡಿಎನ್, ಇಂಟರ್ನೆಟ್ ಎಕ್ಸ್‌ಚೇಂಜ್ ಮೂರನ್ನೂ ಸೇರಿಸಿ ಶಿಫಾರಸು ಕೊಟ್ಟಿತ್ತು, ಸಿಡಿಎನ್‌ನವರಿಗೆ ಲೈಸೆನ್ಸ್ ಗೀಸೆನ್ಸ್ ಬೇಡ, ಸರಳವಾಗಿ ರಿಜಿಸ್ಟರ್ ಮಾಡಿದ್ರೆ ಸಾಕು ಅಂತ. ಅದಕ್ಕೂ ಮೊದಲು 2017ರಲ್ಲಿ ನೆಟ್ ನ್ಯೂಟ್ರಾಲಿಟಿ ಶಿಫಾರಸು ಮಾಡುವಾಗ ಸಿಡಿಎನ್‌ನ್ನು ಅದರ ಹೊರಗೆ ಇಟ್ಟಿತ್ತು. ಅಂದ್ರೆ ದಾರಿಯಲ್ಲಿ ಯಾರನ್ನೂ ಮುಂದೆ ಹಿಂದೆ ಮಾಡಬಾರದು, ಆದ್ರೆ ದುಡ್ಡಿದ್ದವ ತನ್ನ ಗೋದಾಮು ನಿಮ್ಮ ಮನೆ ಪಕ್ಕದಲ್ಲೇ ಕಟ್ಕೊಳ್ಳಬಹುದು. ಟೆಲಿಕಾಂ ಕಂಪೆನಿಗಳು ದೊಡ್ಡ ಆ್ಯಪಿನವರು ನಮಗೆ ಪಾಲು ಕೊಡಬೇಕು ಅಂತ ಕೇಳ್ತಾ ಇರ್ತಾರೆ. ದಕ್ಷಿಣ ಕೊರಿಯಾದಲ್ಲಿ ಹೀಗೆ ನೆಟ್‌ವರ್ಕಿನ ಖರ್ಚು ಏರಿ ಏರಿ 2024ರ ಫೆಬ್ರವರಿಯಲ್ಲಿ ಗೇಮ್ ಆಡುದನ್ನು ಲೈವ್ ತೋರಿಸುವ ಟ್ವಿಚ್ ಆ ದೇಶ ಬಿಟ್ಟೇ ಹೋಯ್ತು.

ಅವಕಾಶ ಎಲ್ಲಿ ಅಂತ ಕೇಳಿದ್ರೆ ದೊಡ್ಡವರದ್ದು ಎಡ್ಜಿನಲ್ಲಿ, ಅಂದ್ರೆ ನೋಡುವವರ ಹತ್ತಿರದ ಸರ್ವರಿನಲ್ಲೇ, ಕೋಡ್ ಓಡಿಸುದು, ಎಐ ಮಾಡೆಲನ್ನು ಹತ್ತಿರದ ಊರಿನಲ್ಲೇ ಓಡಿಸುದು, ಎಲ್ಲರೂ ಅದನ್ನೇ ಜಪ ಮಾಡ್ತಾರೆ, ನಡೀತದೋ ಇಲ್ವೋ ನೋಡುವ. ನನಗೆ ಅದಕ್ಕಿಂತ ಸಣ್ಣ ಕೆಲಸಗಳಲ್ಲಿ ಆಸಕ್ತಿ. ಉದಾಹರಣೆಗೆ ಕನ್ನಡ ಸೈಟು ಮಾಡುವವರಲ್ಲಿ ಬಹಳ ಜನ ಇನ್ನೂ ಅಕ್ಷರದ ಫಾಂಟನ್ನು ಗೂಗಲಿನಿಂದ ಎಳೀತಾರೆ, ಬೇರೆ ಸೈಟಿನಲ್ಲಿ ಮೊದಲೇ ಇಳಿದಿರ್ತದೆ ನಮಗೆ ಲಾಭ ಅಂತ. 2020ರ ಅಕ್ಟೋಬರಿನಲ್ಲಿ ಕ್ರೋಮ್ 86ರಿಂದ ಬ್ರೌಸರು ಒಂದೊಂದು ಸೈಟಿಗೆ ಬೇರೆ ಬೇರೆ ಕ್ಯಾಶ್ ಇಡ್ತದೆ, ಆ ಲಾಭ ಅಂದಿಗೇ ಹೋಯ್ತು. ಒತ್ತಕ್ಷರ ಎಲ್ಲ ಇರುವ ಕನ್ನಡ ಫಾಂಟು ಇಂಗ್ಲಿಷಿನದ್ದಕ್ಕಿಂತ ದಪ್ಪ, ಅದನ್ನು ನಿಮ್ಮ ಸೈಟಿನ ಜೊತೆಗೇ ಇಡಿ. ಅಕ್ಷರ ಶೇಖರಿಸುವ ಯುಟಿಎಫ್-8 ಪದ್ಧತಿಯಲ್ಲಿ ನಮ್ಮ ಒಂದೊಂದು ಅಕ್ಷರ ಚಿಹ್ನೆಗೂ ಮೂರು ಬೈಟು, ಇಂಗ್ಲಿಷಿಗೆ ಒಂದು, ಹಾಗಾಗಿ ಬ್ರಾಟ್ಲಿ ಅಂತ ಫೈಲು ಕುಗ್ಗಿಸುವ ಕಂಪ್ರೆಶನ್ ಆನ್ ಮಾಡಿಟ್ರೆ ನಮಗೆ ಸಿಗುವ ಉಳಿತಾಯ ಅವರಿಗಿಂತ ಜಾಸ್ತಿ. ಇದಕ್ಕೆಲ್ಲ ಒಂದು ಪೈಸೆ ಖರ್ಚಿಲ್ಲ.

ಮತ್ತೊಂದು ಅವಕಾಶ ನಮ್ಮ ಕೇಬಲಿನವರದ್ದು. ಕೇರಳದಲ್ಲಿ ಒಂದು ಒಳ್ಳೆ ಸಂಗತಿ ಎಂತ ಅಂದ್ರೆ ಊರೂರಿನ ಕೇಬಲ್ ಟಿವಿಯವರು ಸತ್ತು ಹೋಗ್ಲಿಲ್ಲ, ಇಂಟರ್ನೆಟ್ ಕೊಡುದಕ್ಕೆ ಕಲಿತ್ರು, 2023ರ ಜೂನಿನಲ್ಲಿ ಸರಕಾರದ ಕೆ-ಫೋನ್ ಅಂತ ಫೈಬರ್ ಜಾಲವೂ ಬಂತು. ಕನ್ನಡ ನೋಡುವ ಮನೆಗಳು ಒಟ್ಟಾಗಿ ಒಂದೇ ಕೇಬಲಿನವನ ಕೆಳಗೆ ಇದ್ರೆ ಅವನ ಕ್ಯಾಶಿನಲ್ಲಿ ಕನ್ನಡದ ಎಣಿಕೆ ತಾನಾಗಿಯೇ ಮೇಲೆ ಬರ್ತದೆ, ಕೊಚ್ಚಿಯವರ ಜೊತೆ ಸ್ಪರ್ಧೆಯೇ ಇಲ್ಲ. 2025ರ ಸೆಪ್ಟೆಂಬರಿನಲ್ಲಿ ಕೆಂಪು ಸಮುದ್ರದಲ್ಲಿ ಜೆಡ್ಡಾ ಹತ್ತಿರ ಕೇಬಲು ತುಂಡಾಗಿ ನೆಟ್ಟು ನಿಧಾನ ಆಯ್ತಲ್ಲ, ಅಂಥ ದಿನಗಳಲ್ಲೂ ಊರಲ್ಲೇ ಇರುವ ಕ್ಯಾಶಿಗೆ ಏನೂ ಬಾಧೆ ಇಲ್ಲ.

ಇದನ್ನೇ ನಮ್ಮ ಕಡೆಯ ಒಬ್ಬ ಆಪರೇಟರ ಹತ್ತಿರ ಹೇಳಿದೆ, ಗೂಗಲಿನ ಪೆಟ್ಟಿಗೆಗೆ ಅರ್ಜಿ ಹಾಕಿ, ಆಟಗಳ ರೆಕಾರ್ಡಿಂಗಿಗೆ ನಾವೇ ಒಂದು ಸಣ್ಣ ಕ್ಯಾಶ್ ಇಡುವ, ಎಂಜಿನ್‌ಎಕ್ಸ್ ಅಂತ ಫ್ರೀ ಸಾಫ್ಟ್‌ವೇರ್ ಹಾಕಿದ ಹಳೆ ಸರ್ವರು ಒಂದು, ನಾಲ್ಕು ಡಿಸ್ಕು, ಸಾಕು ಅಂತ. ಅವರು ಪೂರ್ತಿ ಕೇಳಿದ್ರು. ದೊಡ್ಡವರ ಪೆಟ್ಟಿಗೆ ಬೇಕಾದ್ರೆ ಟ್ರಾಫಿಕ್ಕು ಇಂತಿಷ್ಟು ಬೇಕು, ನಮ್ಮದು ಸಾಲದು, ನಾಲ್ಕು ಊರಿನವರು ಸೇರಿದ್ರೆ ನೋಡಬಹುದು ಅಂದ್ರು, ಅದು ಸರಿಯಾದ ಮಾತು. ಮತ್ತೆ ನನ್ನ ಸಣ್ಣ ಸರ್ವರಿನ ವಿಷಯಕ್ಕೆ ಬಂದು, ಇಡುವ, ಜಾಗ ಕೊಡ್ತೇನೆ, ಆದ್ರೆ ಜೂನ್ ಜುಲೈಯಲ್ಲಿ ಗಾಳಿಮಳೆಗೆ ಮರ ಬಿದ್ದು ಎರಡೆರಡು ದಿನ ಕರೆಂಟ್ ಇಲ್ಲದೆ ಇರುವಾಗ ಇನ್ವರ್ಟರು ಮನೆಮನೆಗೆ ಫೈಬರ್ ಕೊಡುವ ಓಎಲ್‌ಟಿ ಪೆಟ್ಟಿಗೆಗೇ ಸಾಕಾಗುದಿಲ್ಲ, ನಿಮ್ಮ ಸರ್ವರಿಗೆ ಬ್ಯಾಟರಿ ಯಾರು ಹಾಕುದು ಅಂತ ಕೇಳಿದ್ರು. ಈಗ ಸೋಲಾರಿನ ರೇಟು ವಿಚಾರಿಸ್ತಾ ಇದ್ದೇನೆ. ಪೆರ್ಲ, ಮುಳ್ಳೇರಿಯ, ಅಡ್ಯನಡ್ಕದ ಕಡೆ ಕೇಬಲ್ ನಡೆಸುವವರು ಯಾರಾದ್ರೂ ಇದನ್ನು ಓದಿದ್ರೆ ಒಂದು ಮೆಸೇಜ್ ಹಾಕಿ, ನಾಲ್ಕು ಊರಿನ ಲೆಕ್ಕ ಒಟ್ಟು ಮಾಡಿ ನೋಡುವ.